ಆರು ಅಡಿ ಮೀನಿನ ಟ್ಯಾಂಕಿಗೆ ಆರು ಕಾಲಿನ ಸ್ಟ್ಯಾಂಡು: ಬಳಸಿ ನೋಡಿದ ಮೇಲೆ

ಈ ಸ್ಟ್ಯಾಂಡಿನಲ್ಲಿ ದುಡ್ಡು ಕೊಡಬೇಕಾದ್ದು ಅದರ ಕಾಲುಗಳಿಗೆ. ಬಣ್ಣ ಚೆನ್ನಾಗಿದೆ, ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ, ಸಂಪ್ (ಟ್ಯಾಂಕಿನ ನೀರು ಸೋಸುವ ಕೆಳಗಿನ ತೊಟ್ಟಿ) ಇಡೋಕೆ ಒಳಗೆ ಜಾಗ ಧಾರಾಳವಾಗಿದೆ. ಇದೆಲ್ಲ ಬೇರೆ ಸ್ಟ್ಯಾಂಡುಗಳಲ್ಲೂ ಸಿಗುತ್ತದೆ. ಆದರೆ ತಿರುಗಿಸಿ ಎತ್ತರ ಹೊಂದಿಸುವ ಆರು ದಪ್ಪ ಕಾಲುಗಳು, ಅದೂ ನಡುವೆ ಎರಡು, ಎಲ್ಲ ಕಡೆ ಸಿಗಲ್ಲ. ದೊಡ್ಡ ಟ್ಯಾಂಕು ವರ್ಷಗಟ್ಟಲೆ ಸೋರದೆ ನಿಲ್ಲುತ್ತದೋ ಇಲ್ಲವೋ ಅನ್ನೋದರಲ್ಲಿ ಈ ಕಾಲುಗಳ ಪಾತ್ರ ದೊಡ್ಡದು. ಹಾಗಾಗಿ ಈ ವಿಮರ್ಶೆಯಲ್ಲಿ ಹೆಚ್ಚಿನ ಮಾತು ಅವುಗಳ ಬಗ್ಗೆಯೇ.

ಮೊದಲು ಏನು ಬರುತ್ತದೆ ಅಂತ ಹೇಳುತ್ತೇನೆ. 50 ಮಿಮೀ ಚದರದ ಕಬ್ಬಿಣದ ಪೈಪಿನ ಚೌಕಟ್ಟು, ಪೈಪಿನ ಗೋಡೆ 2 ಮಿಮೀ ದಪ್ಪ. ಎತ್ತರ 75 ಸೆಂಮೀ. ಮೇಲೆ ಹಾಕೋಕೆ 18 ಮಿಮೀ ಪ್ಲೈವುಡ್, ಅದರ ಮೇಲೆ ಹಾಸೋಕೆ 10 ಮಿಮೀ ಫೋಮ್ ಶೀಟು. ಆರು ಎಂ16 (16 ಮಿಮೀ ದಪ್ಪದ) ಬೋಲ್ಟಿನ ಕಾಲುಗಳು, ಅವುಗಳ ಕೆಳಗೆ 80 ಮಿಮೀ ಅಗಲದ, ಸ್ವಲ್ಪ ಓರೆಯಾಗಬಲ್ಲ ಪಾದಗಳು. ಪಾದದ ತಳಕ್ಕೆ ತೆಳು ರಬ್ಬರು. ಒಂದೇ ಒಂದು ಸ್ಪ್ಯಾನರ್. ನಾಲ್ಕು ಪುಟದ ಕೈಪಿಡಿ.

ನನ್ನ ಟ್ಯಾಂಕು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಗಾಜು 12 ಮಿಮೀ. ಮೇಲೆ ಕೆಳಗೆ ಪ್ಲಾಸ್ಟಿಕ್ ಅಂಚು ಇಲ್ಲ, ತಳದ ಗಾಜು ನೇರವಾಗಿ ಹಲಗೆ ಮೇಲೆ ಕೂರುತ್ತದೆ. ಒಳಗೆ ಎರಡು ದೊಡ್ಡ ಆಸ್ಕರ್ ಮೀನುಗಳು. ಆಸ್ಕರ್ ಸಾಕಿದವರಿಗೆ ಗೊತ್ತು, ಅವು ಬೆಚ್ಚಿದರೆ ಟ್ಯಾಂಕಿನ ಈ ತುದಿಯಿಂದ ಆ ತುದಿಗೆ ಬಾಣದ ವೇಗದಲ್ಲಿ ನುಗ್ಗುತ್ತವೆ. ನೀರು ಪೂರ್ತಿ ಅಲುಗಾಡುತ್ತದೆ. ಸ್ಟ್ಯಾಂಡು ಭಾರ ಹೊತ್ತರೆ ಸಾಲದು, ಈ ಅಲುಗಾಟವನ್ನೂ ತಡೆಯಬೇಕು.

ತೂಕದ ಲೆಕ್ಕ ಎಲ್ಲರೂ ಒಮ್ಮೆ ಹಾಕಿ ನೋಡಲೇಬೇಕು. ಒಂದು ಲೀಟರ್ ನೀರು ಒಂದು ಕಿಲೋ. 55 ಸೆಂಮೀ ಎತ್ತರಕ್ಕೆ ತುಂಬಿದರೆ ನನ್ನ ಟ್ಯಾಂಕಿನಲ್ಲಿ ಸುಮಾರು 580 ಲೀಟರ್. 12 ಮಿಮೀ ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತದೆ, ಒಟ್ಟು ಗಾಜು 120 ಕಿಲೋ. 5 ಸೆಂಮೀ ಮರಳು ಹಾಸಿದರೆ ಇನ್ನೊಂದು 85. ಕಲ್ಲುಗಳು 30. ಸ್ಟ್ಯಾಂಡು 60, ಕೆಳಗಿನ ಸಂಪ್ ನೀರಿನ ಸಮೇತ 100. ಕೂಡಿದರೆ 975 ಕಿಲೋ. ಹತ್ತಿರ ಹತ್ತಿರ ಒಂದು ಟನ್, ಒಂದು ಮಂಚಕ್ಕಿಂತ ಕಡಿಮೆ ಜಾಗದಲ್ಲಿ. ಮಹಡಿ ಮೇಲೆ ಇಡುವವರು ನೆಲದ ಬಗ್ಗೆ ಎಂಜಿನಿಯರ್ ಒಬ್ಬರನ್ನು ಕೇಳದೆ ಮುಂದುವರಿಯಬೇಡಿ. ಎಷ್ಟೇ ಒಳ್ಳೆ ಸ್ಟ್ಯಾಂಡಾದರೂ ನೆಲಕ್ಕೆ ಬಲ ಕೊಡಲ್ಲ.

ಈಗ ಮುಖ್ಯ ವಿಷಯ. ಟ್ಯಾಂಕು ಒಂದು ಕಡೆ ಸ್ವಲ್ಪ ವಾಲಿದರೆ ಜನ ತುಂಬಾ ಹೆದರುತ್ತಾರೆ. ವಾಲೋದಕ್ಕಿಂತ ತಿರುಚೋದು ಎಷ್ಟೋ ಪಾಲು ಅಪಾಯ. 55 ಸೆಂಮೀ ನೀರು ನನ್ನ ಮುಂದಿನ ಗಾಜನ್ನು ಹೊರಕ್ಕೆ ತಳ್ಳುವ ಬಲ ಸುಮಾರು 270 ಕಿಲೋ ತೂಕಕ್ಕೆ ಸಮ. ಟ್ಯಾಂಕು ಮುಂದಕ್ಕೆ ವಾಲಿ ಅಲ್ಲಿ ನೀರು 1 ಸೆಂಮೀ ಜಾಸ್ತಿಯಾಯಿತು ಅಂದುಕೊಳ್ಳಿ. ಬಲ 280ಕ್ಕೆ ಏರುತ್ತದೆ. ಶೇಕಡಾ 4 ಕೂಡ ಇಲ್ಲ. ಸರಿಯಾಗಿ ಅಂಟಿಸಿದ ಟ್ಯಾಂಕು ಇದನ್ನು ತಡೆದುಕೊಳ್ಳುತ್ತದೆ. ನೋಡೋಕೆ ಚೆನ್ನಾಗಿರಲ್ಲ ಅನ್ನೋದು ಬೇರೆ ಮಾತು.

ತಿರುಚಿಕೊಳ್ಳೋದು ಹಾಗಲ್ಲ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಂಟಲ್ಲ, ನಾಲ್ಕು ಕಾಲಿನದು ಕುಂಟುತ್ತದೆ ಅಲ್ವಾ? ಟ್ಯಾಂಕಿನ ಕೆಳಗೂ ಅದೇ ನಡೆಯುತ್ತದೆ. ನಾಲ್ಕನೇ ಮೂಲೆ ಉಳಿದ ಮೂರರ ಮಟ್ಟದಲ್ಲಿ ಇಲ್ಲದಿದ್ದರೆ ಸ್ಟ್ಯಾಂಡು ಕುಂಟುವ ಬದಲು ಭಾರಕ್ಕೆ ಬಗ್ಗಿ ನೆಲ ಮುಟ್ಟುತ್ತದೆ. ಮೇಲಿರುವ ಗಾಜಿಗೆ ಬಗ್ಗೋಕೆ ಬರಲ್ಲ. ಆ ಒತ್ತಡವನ್ನೆಲ್ಲ ಮೂಲೆಯಲ್ಲಿ ಗಾಜು ಅಂಟಿಸಿದ ಸಿಲಿಕಾನ್ ಅಂಟು ನುಂಗಬೇಕು. ಕೂಡಲೇ ಏನೂ ಆಗಲ್ಲ. ತಿಂಗಳುಗಳ ನಂತರ ಒಂದು ಮೂಲೆಯಲ್ಲಿ ಹನಿ ಕಾಣಿಸಬಹುದು, ಅಥವಾ ತಳದ ಗಾಜಿನಲ್ಲಿ ಬಿರುಕು. ಆಗ ಯಾರೂ ಸ್ಟ್ಯಾಂಡನ್ನು ಬೈಯಲ್ಲ, ಟ್ಯಾಂಕು ಮಾಡಿದವನನ್ನು ಬೈಯುತ್ತಾರೆ.

ಈ ಸ್ಟ್ಯಾಂಡಿನ ಕಾಲುಗಳು ಇಲ್ಲೇ ಕೆಲಸಕ್ಕೆ ಬರುತ್ತವೆ. ಎಂ16 ಬೋಲ್ಟನ್ನು ಒಂದು ಸುತ್ತು ತಿರುಗಿಸಿದರೆ ಸ್ಟ್ಯಾಂಡು 2 ಮಿಮೀ ಏರುತ್ತದೆ ಅಥವಾ ಇಳಿಯುತ್ತದೆ. ಬೋಲ್ಟಿನ ತಲೆಗೆ ಆರು ಮುಖ. ಒಂದು ಮುಖದಷ್ಟು ತಿರುಗಿಸಿದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಸ್ಪ್ಯಾನರ್ ಹಿಡಿದು ಒಂದೊಂದೇ ಮುಖ ಎಣಿಸುತ್ತಾ ಹೋದರೆ ಎಷ್ಟು ಏರಿಸಿದೆ ಅಂತ ಅಳತೆಪಟ್ಟಿ ಇಲ್ಲದೆಯೇ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಚೂರು, ಮರದ ಚಕ್ಕೆ ತುರುಕಿ ಇಷ್ಟು ನಿಖರವಾಗಿ ಕೂರಿಸೋಕೆ ಆಗಲ್ಲ. ಮರದ ಚಕ್ಕೆ ನೀರು ಕುಡಿದು ಉಬ್ಬುತ್ತದೆ, ಭಾರಕ್ಕೆ ಅಮುಕಿಕೊಳ್ಳುತ್ತದೆ. ಚಕ್ಕೆ ಇಡಲೇಬೇಕು ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದು ಇಡಿ, ಅದೂ ಸ್ಟ್ಯಾಂಡು ಮತ್ತು ನೆಲದ ನಡುವೆ ಮಾತ್ರ. ಟ್ಯಾಂಕು ಮತ್ತು ಸ್ಟ್ಯಾಂಡಿನ ನಡುವೆ ಯಾವತ್ತೂ ಬೇಡ. ಅಲ್ಲಿ ಚಕ್ಕೆ ಇಟ್ಟರೆ ಇಡೀ ಭಾರ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ.

ಕೈಪಿಡಿಯಲ್ಲಿ ಕಾಲು ಹೊಂದಿಸುವ ಬಗ್ಗೆ ಮೂರು ಸಾಲು ಇದೆ. ಸಾಲದು. ನಾನು ಮಾಡಿದ ಕ್ರಮ ಇಲ್ಲಿ ಬರೆಯುತ್ತೇನೆ, ಕೊಂಡವರಿಗೆ ಉಪಯೋಗಕ್ಕೆ ಬರಲಿ.

ಮೊದಲು ನೆಲದಲ್ಲಿ ಅತಿ ಎತ್ತರದ ಮೂಲೆ ಯಾವುದು ಅಂತ ಪತ್ತೆ ಮಾಡಬೇಕು. ಉದ್ದನೆಯ ನೇರ ಪಟ್ಟಿಯ ಮೇಲೆ ರಸಮಟ್ಟ ಇಟ್ಟು ನೋಡಿ. ರಸಮಟ್ಟವನ್ನೂ ಸುಮ್ನೆ ನಂಬಬೇಡಿ. ಒಮ್ಮೆ ನೋಡಿದ ಮೇಲೆ ಅದೇ ಜಾಗದಲ್ಲಿ ಬಲ ತುದಿ ಎಡಕ್ಕೆ, ಎಡ ತುದಿ ಬಲಕ್ಕೆ ಬರುವಂತೆ ತಿರುಗಿಸಿ ಇಡಿ. ಗುಳ್ಳೆ ಎರಡು ಸಲವೂ ಒಂದೇ ಕಡೆ ನಿಂತರೆ ರಸಮಟ್ಟ ಸರಿ ಇದೆ. ಎತ್ತರದ ಮೂಲೆಯ ಕಾಲನ್ನು ಹತ್ತಿರ ಹತ್ತಿರ ಪೂರ್ತಿ ಒಳಗೆ ತಿರುಗಿಸಿ, ಅದನ್ನು ಮತ್ತೆ ಮುಟ್ಟಬೇಡಿ. ಉಳಿದ ಮೂರು ಮೂಲೆಗಳನ್ನು ಅದರ ಮಟ್ಟಕ್ಕೆ ಏರಿಸಿ. ಹೀಗೆ ಮಾಡಿದರೆ ಬೋಲ್ಟುಗಳು ಆದಷ್ಟು ಕಡಿಮೆ ಹೊರಗೆ ಬರುತ್ತವೆ. ಉದ್ದ ಹೊರಬಂದ ಬೋಲ್ಟು ಪಕ್ಕದ ತಳ್ಳಾಟಕ್ಕೆ ಬೇಗ ಬಗ್ಗುತ್ತದೆ. ಆಸ್ಕರ್ ಇರುವ ಟ್ಯಾಂಕಿನಲ್ಲಿ ಪಕ್ಕದ ತಳ್ಳಾಟಕ್ಕೇನೂ ಕೊರತೆ ಇಲ್ಲ.

ಈ ಹಂತದಲ್ಲಿ ನಡುವಿನ ಎರಡು ಕಾಲುಗಳು ಗಾಳಿಯಲ್ಲೇ ಇರಲಿ.

ಆಮೇಲೆ ದಾರದ ಪರೀಕ್ಷೆ. ಸ್ಟ್ಯಾಂಡಿನ ನಾಲ್ಕು ಮೂಲೆಯಲ್ಲೂ ಒಂದೇ ಎತ್ತರದ ಮರದ ತುಂಡು ಇಡಿ. ಎದುರು ಬದುರು ಮೂಲೆಗಳ ನಡುವೆ ತೆಳುವಾದ ಗಾಳದ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ, ಎರಡೂ ಕರ್ಣಗಳಿಗೆ. ನಡುವೆ ಎರಡು ದಾರಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗೆ ಹಾಯಬೇಕು. ನಂತರ ಮೇಲಿನ ದಾರವನ್ನು ಕೆಳಗೆ ತಂದು ಮತ್ತೆ ನೋಡಿ. ಒಂದು ಸಲ ಗ್ಯಾಪು, ಇನ್ನೊಂದು ಸಲ ದಾರ ದಾರವನ್ನು ಒತ್ತುತ್ತಿದ್ದರೆ ಸ್ಟ್ಯಾಂಡು ತಿರುಚಿದೆ ಅಂತ ಅರ್ಥ. ಇಲ್ಲೊಂದು ಲೆಕ್ಕ ನೆನಪಿಡಿ: ನಡುವಿನ ಗ್ಯಾಪು 1 ಮಿಮೀ ಇದ್ದರೆ ಯಾವುದೋ ಒಂದು ಮೂಲೆ ಉಳಿದ ಮೂರರ ಮಟ್ಟದಿಂದ 2 ಮಿಮೀ ತಪ್ಪಿದೆ. ಈ ಕಾಲಿಗೆ ಅದು ಸರಿಯಾಗಿ ಒಂದು ಸುತ್ತು. ರಸಮಟ್ಟದಲ್ಲಿ ಕಣ್ಣು ತಪ್ಪಿಸಿಕೊಳ್ಳುವ ತಿರುಚು ಈ ದಾರದಲ್ಲಿ ಎದ್ದು ಕಾಣುತ್ತದೆ.

ದಾರ ಮುಟ್ಟಿತು ಅಂತ ಅಲ್ಲಿಗೇ ನಿಲ್ಲಿಸುವ ಹಾಗಿಲ್ಲ. ಖಾಲಿ ಚೌಕಟ್ಟು ಮೂರೇ ಕಾಲಿನ ಮೇಲೆ ನೆಟ್ಟಗೆ ನಿಂತಿರಬಹುದು, ನಾಲ್ಕನೆಯದು ಕೂದಲೆಳೆಯಷ್ಟು ಎತ್ತರದಲ್ಲಿ ತೂಗುತ್ತಿರಬಹುದು. ಅದಕ್ಕೇ ಪ್ರತಿ ಮೂಲೆಯ ಪಾದದ ಕೆಳಗೂ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿ. ನಾಲ್ಕೂ ಕಡೆ ಕಾಗದ ಬಿಗಿಯಾಗಿ ಹಿಡಿದಿರಬೇಕು. ನಾಲ್ಕೂ ಕಾಲು ನೆಲ ಹಿಡಿದಿದ್ದೂ ದಾರಗಳು ಮುಟ್ಟುತ್ತಿಲ್ಲ ಅಂದರೆ ವೆಲ್ಡಿಂಗ್ ಮಾಡುವಾಗಲೇ ಚೌಕಟ್ಟು ಎಳೆದುಕೊಂಡಿದೆ. ಅಂಥದ್ದನ್ನು ಕಾಲು ತಿರುಗಿಸಿ ಸರಿ ಮಾಡಲು ಹೋಗಬೇಡಿ, ವಾಪಸ್ ಕಳಿಸಿ. ನನಗೆ ಬಂದ ಚೌಕಟ್ಟು ಈ ಎರಡು ಪರೀಕ್ಷೆಯಲ್ಲೂ ಪಾಸಾಯಿತು. ವೆಲ್ಡಿಂಗ್ ಗಂಟುಗಳನ್ನೂ ಮೇಲ್ಭಾಗದಲ್ಲಿ ಚೆನ್ನಾಗಿ ಉಜ್ಜಿ ಸಮ ಮಾಡಿದ್ದಾರೆ. ಬೆರಳಾಡಿಸಿದರೆ ಎಲ್ಲೂ ತಡೆಯಲ್ಲ. ತಯಾರಕರಿಗೆ ಇದಕ್ಕೆ ಪೂರ್ತಿ ಅಂಕ.

ನಡುವಿನ ಕಾಲುಗಳು ಕೊನೆಗೆ. ಎಚ್ಚರ ಜಾಸ್ತಿ ಬೇಕಾದ್ದು ಇಲ್ಲಿ. ಗಾಜಿನ ಬಲವನ್ನು ಬಿಟ್ಟು ಬರೀ ಪೈಪಿನ ಲೆಕ್ಕ ಹಾಕಿದರೆ, ನಡುವಿನ ಕಾಲು ಇಲ್ಲದೆ ಈ 50 ಮಿಮೀ ಪೈಪು 6 ಅಡಿ ಉದ್ದಕ್ಕೆ ನನ್ನ ಟ್ಯಾಂಕು ಹೊತ್ತರೆ ನಡುವೆ ಸುಮಾರು 1 ಸೆಂಮೀ ಜೋಲುತ್ತದೆ. ಕಾಲು ಇದ್ದರೆ ಆ ಬಾಗು 0.3 ಮಿಮೀ ಒಳಗೇ ನಿಲ್ಲುತ್ತದೆ. ಅಂದರೆ ಆ ಎರಡು ಕಾಲುಗಳು ಅಲಂಕಾರಕ್ಕಲ್ಲ. ಆದರೆ ಅವನ್ನು ಜಾಸ್ತಿ ಏರಿಸಿದರೆ ಇಡೀ ಸ್ಟ್ಯಾಂಡು ನಡುವಿನ ಮೇಲೆ ನಿಂತು ಎರಡೂ ತುದಿ ತೂಗುತ್ತವೆ. ಅದು ಇನ್ನೂ ಕೆಟ್ಟದ್ದು. ಕಾಗದದ ಪಟ್ಟಿ ಇಟ್ಟು, ಅದು ಎಳೆದರೆ ಜಾರುತ್ತಾ ಸ್ವಲ್ಪ ತಡೆಯುವಷ್ಟು ಬಂದಾಗ ನಿಲ್ಲಿಸಿ. ಖಾಲಿ ಟ್ಯಾಂಕು ಕೂರಿಸಿದ ಮೇಲೆ ಮತ್ತೆ ನೋಡಿ, ಆಗ ಆರೂ ಕಡೆ ಕಾಗದ ಹಿಡಿಯಬೇಕು. ಎಲ್ಲ ಆರು ಕಾಲಿಗೂ ಸಮ ಪಾಲು ಬಿದ್ದರೆ ತಲಾ 160 ಕಿಲೋ ಆಸುಪಾಸು. ನಿಜಕ್ಕೆ ಸಮ ಪಾಲು ಬೀಳಲ್ಲ. ನಡುವಿನ ಒಂದೊಂದು ಕಾಲಿಗೆ 250 ಕಿಲೋವರೆಗೂ ಬೀಳಬಹುದು, ಮೂಲೆಗಳಿಗೆ ಕಡಿಮೆ. ಅದಕ್ಕೇ ನಡುವಿನ ಪಾದ ಕೂರುವ ಟೈಲನ್ನು ನಾಣ್ಯದಿಂದ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದರೆ ಅಲ್ಲಿ ಕಾಲು ಊರಬೇಡಿ. 80 ಮಿಮೀ ಅಗಲದ ಪಾದ ಭಾರ ಹರಡುತ್ತದೆ ನಿಜ, ಆದರೂ ಟೊಳ್ಳು ಟೈಲು ಅದನ್ನು ತಡೆಯುತ್ತದೆ ಅಂತ ಭರವಸೆ ಇಡೋಕಾಗಲ್ಲ.

ಇನ್ನು ದೂರುಗಳು.

ಮೊದಲನೆಯದು ಗಂಭೀರ. ಕೈಪಿಡಿಯ ಕೊನೆ ಪುಟದಲ್ಲಿ "ಟ್ಯಾಂಕು ತುಂಬಿದ ನಂತರ ಬೇಕಿದ್ದರೆ ಕಾಲು ತಿರುಗಿಸಿ ಮಟ್ಟ ಸರಿಪಡಿಸಿ" ಅಂತ ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತುಂಬಿದ ಟ್ಯಾಂಕಿನ ಒಂದು ಕಾಲು ಏರಿಸಿದರೆ ಆ ಒಂದು ಮೂಲೆಯನ್ನು ಮಾತ್ರ ಎತ್ತಿದ ಹಾಗೆ. ಯಾವ ತಿರುಚನ್ನು ತಪ್ಪಿಸೋಕೆ ಇಷ್ಟೆಲ್ಲ ಮಾಡಿದೆವೋ ಅದನ್ನೇ ಪೂರ್ತಿ ಭಾರದ ಕೆಳಗೆ ಗಾಜಿಗೆ ಕೊಟ್ಟ ಹಾಗಾಗುತ್ತದೆ. ಏನಾದರೂ ಬದಲಿಸಬೇಕಾದರೆ ಟ್ಯಾಂಕಿನಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು ಉಳಿಯುವಷ್ಟು ಇಳಿಸಿ, ಭಾರದ ಕಲ್ಲುಗಳನ್ನು ತೆಗೆದು, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ತಯಾರಕರಿಗೆ ನಾನು ಬರೆದು ತಿಳಿಸಿದ್ದೇನೆ. ಮುಂದಿನ ಮುದ್ರಣದಲ್ಲಿ ಆ ಸಾಲು ಹೋಗಲಿ ಅಂತ ನಿಜವಾಗಿಯೂ ಆಸೆ.

ಎರಡನೆಯದು ಸ್ಪ್ಯಾನರ್. ಎತ್ತರ ಹೊಂದಿಸಿದ ಮೇಲೆ ಪ್ರತಿ ಕಾಲಿಗೂ ಚೌಕಟ್ಟಿಗೆ ಒತ್ತಿ ಬಿಗಿಯುವ ಲಾಕ್ ನಟ್ಟು ಇದೆ. ಅದನ್ನು ಬಿಗಿಯುವಾಗ ಬೋಲ್ಟನ್ನು ಹಿಡಿದಿರದಿದ್ದರೆ ಅದೂ ಜೊತೆಗೆ ತಿರುಗಿ ಮಟ್ಟ ಹೋಗುತ್ತದೆ. ಅಂದರೆ ಎರಡು ಸ್ಪ್ಯಾನರ್ ಬೇಕು, ಕೊಟ್ಟಿರೋದು ಒಂದು. 24 ನಂಬರಿನ ಇನ್ನೊಂದು ಮೊದಲೇ ತಂದಿಟ್ಟುಕೊಳ್ಳಿ. ಹಿಂದಿನ ಸಾಲಿನ ನಡುವಿನ ಕಾಲಿಗೆ ಕೈ ಹೋಗೋದೇ ಕಷ್ಟ. ಗೋಡೆಯಿಂದ ಒಂದು ಗೇಣಾದರೂ ಬಿಟ್ಟು ಸ್ಟ್ಯಾಂಡು ಇಟ್ಟರೆ ಮಾತ್ರ ಸ್ಪ್ಯಾನರ್ ತಿರುಗುತ್ತದೆ. ಪೈಪು, ವೈರು ಹಾಯಲು ಹೇಗೂ ಜಾಗ ಬೇಕಲ್ವಾ, ಆ ಅಂತರ ವ್ಯರ್ಥ ಆಗಲ್ಲ.

ಮೂರನೆಯದು ಪ್ಲೈವುಡ್. ಇದು ನನಗೆ ಬೇಸರ ತರಿಸಿತು. ಚೌಕಟ್ಟು ಅಷ್ಟು ಚೆನ್ನಾಗಿ ಮಾಡಿ, ಅದರ ಮೇಲೆ ಬಾಗಿದ ಹಲಗೆ ಕೊಟ್ಟಿದ್ದಾರೆ. ನೇರ ಪಟ್ಟಿಯನ್ನು ಹಲಗೆಯ ಮೇಲೆ ಅಡ್ಡ ಇಟ್ಟು ಹಿಂದಿನಿಂದ ಟಾರ್ಚ್ ಹಾಕಿದೆ. ಎರಡೂ ತುದಿಯಲ್ಲಿ ಬೆಳಕು ಸೋರಿ ಬರುತ್ತಿತ್ತು, ನಡುವೆ ಕತ್ತಲು. ನಡು ಉಬ್ಬಿದೆ ಅಂತ ಅರ್ಥ, ಸುಮಾರು 2 ಮಿಮೀ. ಹಾಗೇ ಟ್ಯಾಂಕು ಇಟ್ಟಿದ್ದರೆ ತಳದ ಗಾಜು ಆ ಉಬ್ಬಿನ ಮೇಲೆ ಕೂತಿರುತ್ತಿತ್ತು. ತಿರುಪು ಬಿಗಿದು ಎಳೆದು ಕೂರಿಸಬಹುದು ಅಂತ ಕೆಲವರು ಹೇಳುತ್ತಾರೆ. ನಾನು ಅದನ್ನು ಬಳಸಲಿಲ್ಲ, ನೀರು ತಡೆಯುವ ಬೇರೆ ನೇರ ಹಲಗೆ ಕತ್ತರಿಸಿ ತಂದು ಹಾಕಿದೆ. ಅಂಚುಗಳಿಗೆ ವಾರ್ನಿಷ್ ಬಳಿಯೋದು ಮರೆಯಬೇಡಿ, ಪ್ಲೈ ನೀರು ಕುಡಿಯೋದು ಅಲ್ಲಿಂದಲೇ.

ಫೋಮ್ ಶೀಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಎಲ್ಲ ತಪ್ಪನ್ನೂ ಮುಚ್ಚುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನನ್ನ ಟ್ಯಾಂಕು ಒಂದು ಟನ್ ಹತ್ತಿರ ಇದ್ದರೂ, ಹಲಗೆಯ ಮೇಲೆ ಬೀಳುವ ಭಾರ ತಳದ ಇಡೀ ಗಾಜಿಗೆ ಹರಡಿದರೆ ಒಂದು ಚದರ ಸೆಂಟಿಮೀಟರಿಗೆ 75 ಗ್ರಾಂ ಮಾತ್ರ. ಅಷ್ಟಕ್ಕೆ ಗಟ್ಟಿ ಫೋಮ್ ಹೆಚ್ಚೇನೂ ಕುಗ್ಗಲ್ಲ. ಕುಗ್ಗದಿದ್ದ ಮೇಲೆ ತಿರುಚನ್ನು ಅದು ಹೇಗೆ ತಾನೇ ಸರಿ ಮಾಡೀತು? ಅದು ನುಂಗೋದು ಚಿಕ್ಕ ಚಿಕ್ಕದನ್ನು: ಮರಳಿನ ಕಾಳು, ಪ್ಲೈವುಡ್ಡಿನ ನಾರು, ಬಣ್ಣದ ಹನಿ. ಬರಿಗಾಜಿನ ಕೆಳಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೆ ಬಿರುಕು ಹುಟ್ಟೋಕೆ ಅಷ್ಟು ಸಾಕು, ಫೋಮ್ ಆ ಅಪಾಯ ತಪ್ಪಿಸುತ್ತದೆ. ಕೊಟ್ಟಿರುವ ಶೀಟು ಒಳ್ಳೆ ಗುಣಮಟ್ಟದ್ದು, ಕತ್ತರಿಸಿದ ಅಂಚು ನೇರವಾಗಿದೆ, ನೀರು ಹೀರಲ್ಲ.

ಆದರೆ ತಳದಲ್ಲಿ ಪ್ಲಾಸ್ಟಿಕ್ ಅಂಚು ಇರುವ ಟ್ಯಾಂಕಿಗೆ ಈ ಶೀಟು ಹಾಕಲೇಬೇಡಿ. ಅಂಥ ಟ್ಯಾಂಕಿನಲ್ಲಿ ತಳದ ಗಾಜು ಅಂಚಿನೊಳಗೆ ಹಲಗೆಯಿಂದ ಮೇಲೆ ತೂಗುತ್ತಿರುತ್ತದೆ, ಭಾರವೆಲ್ಲ ಸುತ್ತಲಿನ ಅಂಚಿಗೆ. ಕೆಳಗೆ ಫೋಮ್ ಇಟ್ಟರೆ ಅದು ಅಂಚಿನ ಕೆಳಗೆ ಅಮುಕಿ, ತಳದ ಗಾಜನ್ನು ಮೇಲಕ್ಕೆ ಒತ್ತುತ್ತದೆ. ಡಬ್ಬದ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕಿತ್ತು. ಎಲ್ಲೂ ಇಲ್ಲ.

ನೀರು ತುಂಬುವಾಗ ಅವಸರ ಬೇಡ. ನಾನು ಮೊದಲು 5 ಸೆಂಮೀ ತುಂಬಿ ನಾಲ್ಕೂ ಮೂಲೆಯಲ್ಲಿ ಸ್ಕೇಲು ಇಟ್ಟು ತಳದಿಂದ ನೀರಿನ ಎತ್ತರ ಅಳೆದೆ. ನೀರಿಗಿಂತ ನಿಖರವಾದ ಮಟ್ಟ ಇನ್ನೊಂದಿಲ್ಲ. 6 ಅಡಿ ಉದ್ದಕ್ಕೆ 1 ಮಿಮೀ ವ್ಯತ್ಯಾಸ ಇತ್ತು, ಅಗಲಕ್ಕೆ ಏನೂ ಇರಲಿಲ್ಲ. ನನಗೆ 2 ಮಿಮೀವರೆಗೆ ಒಪ್ಪಿಗೆ. ಅರ್ಧ ತುಂಬಿದಾಗ ಮತ್ತೆ ಅಳೆದೆ, ಪೂರ್ತಿ ತುಂಬಿದ ಮೇಲೆ ಗಾಜಿನ ಮೇಲಂಚಿನಿಂದ ನೀರಿನವರೆಗೆ ಅಳೆದೆ. ಅಂಕಿ ಬದಲಾಗಲಿಲ್ಲ. ಕೆಲವು ದಿನ ಕಳೆದ ಮೇಲೆ ಪಾದದ ರಬ್ಬರು ಭಾರಕ್ಕೆ ಸ್ವಲ್ಪ ಕೂರುತ್ತದೆ, ಆಗಲೂ ಒಮ್ಮೆ ಅಳೆಯಿರಿ. ಮಟ್ಟ ಸರಿ ಇದ್ದರೆ ಇನ್ನೊಂದು ಲಾಭ ಕಣ್ಣಿಗೆ ಕಾಣುತ್ತದೆ. ನನ್ನ ಓವರ್‌ಫ್ಲೋ ಬಾಚಣಿಗೆಯ (ಟ್ಯಾಂಕಿನ ಮೇಲ್ನೀರು ಸಂಪಿಗೆ ಇಳಿಯುವ, ಹಲ್ಲುಗಳಿರುವ ಬಾಯಿ) ಎಲ್ಲ ಹಲ್ಲುಗಳ ನಡುವೆಯೂ ನೀರು ಒಂದೇ ದಪ್ಪದಲ್ಲಿ ಇಳಿಯುತ್ತದೆ. ಬಾಚಣಿಗೆಯೇ ಓರೆಯಾಗಿದ್ದರೆ ನೀರು ಒಂದೇ ಮೂಲೆಯಲ್ಲಿ ಇಳಿದು, ಇನ್ನೊಂದು ಕಡೆ ಮೇಲಿನ ಜಿಡ್ಡು ಹಾಗೇ ನಿಲ್ಲುತ್ತದೆ.

ಹಲವು ತಿಂಗಳಾಯಿತು. ಲಾಕ್ ನಟ್ಟುಗಳು ಸಡಿಲಾಗಿಲ್ಲ. ಸಂಪ್ ಪಕ್ಕದ ಪೈಪಿನ ಬಣ್ಣ ಒಂದು ಕಡೆಯೂ ಎದ್ದಿಲ್ಲ, ತುಕ್ಕು ಇಲ್ಲ. ಆಸ್ಕರ್‌ಗಳು ಅವಾಂತರ ಮಾಡಿದಾಗ ನೀರು ತೂಗುತ್ತದೆ, ಸ್ಟ್ಯಾಂಡು ತೂಗಲ್ಲ. ಮಕ್ಕಳಿರುವ ಮನೆಯವರು ಮಾತ್ರ ಮೇಲ್ಭಾಗವನ್ನು ಗೋಡೆಗೆ ಒಂದು ಬ್ರಾಕೆಟ್ ಹಾಕಿ ಹಿಡಿಸಿ, ಚೌಕಟ್ಟಿನ ಹಿಂದೆ ಅದಕ್ಕೆ ತೂತು ಕೊಟ್ಟಿದ್ದಾರೆ.

3 ಅಡಿ ಟ್ಯಾಂಕಿನವರಿಗೆ ಇಷ್ಟು ದೊಡ್ಡ ಸ್ಟ್ಯಾಂಡು ಬೇಡ, ನಾಲ್ಕು ಕಾಲಿನ ಸಾಧಾರಣ ಚೌಕಟ್ಟು ಸಾಕು. 5 ಅಡಿ ದಾಟಿದವರು ಧೈರ್ಯವಾಗಿ ಕೊಳ್ಳಿ. ಕೊಳ್ಳುವಾಗ ಹಲಗೆ ಇಲ್ಲದೆ ಬರೀ ಚೌಕಟ್ಟು, ಕಾಲು ಮತ್ತು ಫೋಮ್ ಮಾತ್ರ ಕೊಡುತ್ತಾರಾ ಅಂತ ಕೇಳಿ. ಒಪ್ಪಿದರೆ ಉಳಿದ ಹಣದಲ್ಲಿ ಒಳ್ಳೆಯ ಹಲಗೆ ಮತ್ತು 24 ನಂಬರಿನ ಸ್ಪ್ಯಾನರ್ ತಂದುಕೊಳ್ಳಿ.